ಮಗುವಿಗೆ ಆಟಿಸಂ ಎಂದಾಗ: ಯಾದಗಿರಿ, ಶಹಾಪುರ, ಸುರಪುರದ ಹೆತ್ತವರಿಗಾಗಿ

ಕರಾವಳಿಯಿಂದ ಗುಲ್ಬರ್ಗಾ ಧರ್ಮಪ್ರಾಂತಕ್ಕೆ ಸೇವೆಗೆಂದು ಹೋದ ಧರ್ಮಗುರುಗಳು, ಧರ್ಮಭಗಿನಿಯರು ರಜೆಯಲ್ಲಿ ಊರಿಗೆ ಬಂದಾಗ ನಮ್ಮಲ್ಲಿಗೂ ಒಂದು ಗಳಿಗೆ ಬಂದು ಹೋಗುವುದುಂಟು. 2005ರಲ್ಲಿ ರಚನೆಯಾದ ಆ ಧರ್ಮಪ್ರಾಂತಕ್ಕೆ ಯಾದಗಿರಿ ಜಿಲ್ಲೆಯೂ ಸೇರುತ್ತದೆ. ಅವರು ಹೇಳುವ ಸುದ್ದಿಗಳಲ್ಲಿ ಶಾಲೆ, ಹಾಸ್ಟೆಲು, ಬಿಸಿಲು, ನೀರು ಇವೆಲ್ಲ ಇದ್ದದ್ದೇ. ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. "ಫಾದರ್, ಮೂರು ವರ್ಷದ ಮಗು. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಮಾತಿಲ್ಲ. ತಾಯಿ ದಿನಾ ಬಂದು ಅಳುತ್ತಾಳೆ. ಎಲ್ಲಿಗೆ ಕಳಿಸಬೇಕು?" ಈ ಲೇಖನವನ್ನು ಆ ಪ್ರಶ್ನೆಗೆ ಉತ್ತರವಾಗಿ ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ. ಆದರೆ ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತಿಳಿಸುವುದಕ್ಕೆ ವೈದ್ಯರೇ ಆಗಬೇಕಿಲ್ಲ.

ಮಂಗಳೂರಿನ ಹೆತ್ತವರಿಗೂ ಸುರಪುರದ ಹೆತ್ತವರಿಗೂ ಒಂದು ವ್ಯತ್ಯಾಸವನ್ನು ಮೊದಲೇ ಹೇಳಬೇಕು. ಇಲ್ಲಿ ಮಕ್ಕಳ ತಜ್ಞರು, ವಾಕ್ ಚಿಕಿತ್ಸಕರು, ವಿಶೇಷ ಶಾಲೆಗಳು ಬಸ್ಸಿನ ದೂರದಲ್ಲಿವೆ. ಯಾದಗಿರಿ ಜಿಲ್ಲೆಯಾದದ್ದೇ 2009ರ ಡಿಸೆಂಬರ್ 30ರಂದು. ಅದಕ್ಕೆ ಮೊದಲು ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳು. 2018ರಲ್ಲಿ ಕೇಂದ್ರ ಸರಕಾರ ಆರಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದಿಂದ ಇದ್ದವು ಎರಡೇ: ರಾಯಚೂರು ಮತ್ತು ಯಾದಗಿರಿ. ಮಹತ್ವಾಕಾಂಕ್ಷಿ ಎಂಬುದು ಹಿಂದುಳಿದ ಎಂಬುದರ ಮರ್ಯಾದೆಯ ಹೆಸರು, ಅಷ್ಟೆ. ಆದ್ದರಿಂದ ದೊಡ್ಡ ಊರಿನ ಹೆತ್ತವರಿಗೆ ಕೊಡುವ ಸಲಹೆಯನ್ನು ಹಾಗೆಯೇ ಅಲ್ಲಿಗೆ ಕಳುಹಿಸಿದರೆ ಪ್ರಯೋಜನವಿಲ್ಲ.

ಆಟಿಸಂ ಎಂದರೇನು?

ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ಸರಕಾರದ ಕಾಗದಗಳಲ್ಲಿಯೂ ಈ ಹೆಸರು ಕಾಣಸಿಗುತ್ತದೆ. ಇದು ಹುಚ್ಚಲ್ಲ, ಗಾಳಿ ಸೋಕಿದ್ದಲ್ಲ, ಅಂಟುವ ರೋಗವೂ ಅಲ್ಲ. ಮೆದುಳಿನ ಬೆಳವಣಿಗೆಯೇ ಮೊದಲಿನಿಂದ ಬೇರೆ ರೀತಿಯಲ್ಲಿ ಆಗಿರುತ್ತದೆ. ಇತರರೊಡನೆ ಬೆರೆಯುವುದು, ಮಾತು ಮತ್ತು ಸನ್ನೆಗಳ ಮೂಲಕ ಮನಸ್ಸಿನದನ್ನು ತಿಳಿಸುವುದು ಕಷ್ಟವಾಗುತ್ತದೆ. ಜೊತೆಗೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಬದಲಾವಣೆಯನ್ನು ಸಹಿಸದಿರುವುದು, ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ಅತಿ ಕಡಿಮೆಯಾಗಿ ಸ್ಪಂದಿಸುವುದು ಕಂಡುಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ದೊಡ್ಡ ಹಳ್ಳಿಯೊಂದರಲ್ಲಿ ಹಲವರು ಇದ್ದೇ ಇರುತ್ತಾರೆ ಎಂದಾಯಿತು. ನಮಗೆ ಕಾಣಿಸದಿದ್ದರೆ ಅವರು ಮನೆಯೊಳಗೆ ಇದ್ದಾರೆ ಎಂದು ತಿಳಿಯಬೇಕು.

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿವರ ಬರೆದು ಈ ಸ್ಥಿತಿಗೆ ಹೆಸರು ಕೊಟ್ಟರು. ಆಮೇಲೆ ಬಹಳ ವರ್ಷ ತಾಯಂದಿರೇ ಇದಕ್ಕೆ ಕಾರಣ, ಅವರಲ್ಲಿ ಪ್ರೀತಿಯ ಬಿಸಿ ಇಲ್ಲ ಎಂದು ದೊಡ್ಡ ದೊಡ್ಡವರೇ ಹೇಳಿದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬವರು, ಸ್ವತಃ ಆಟಿಸಂ ಇದ್ದ ಮಗುವಿನ ತಂದೆ, ಪುಸ್ತಕ ಬರೆದು ಆ ವಾದವನ್ನು ಎದುರಿಸಿದರು. ವಿಜ್ಞಾನ ಆ ಮಾತನ್ನು ಬಿಟ್ಟು ಎಷ್ಟೋ ಕಾಲವಾಯಿತು. ನಮ್ಮ ಊರುಗಳಲ್ಲಿ ಅತ್ತೆ, ನೆರೆಮನೆಯವರು ಇನ್ನೂ ಬಿಟ್ಟಿಲ್ಲ. ಬಸುರಿಯಿದ್ದಾಗ ಗ್ರಹಣ ನೋಡಿದಳು, ಮಗುವನ್ನು ಬಿಟ್ಟು ಹೊಲಕ್ಕೆ ಹೋದಳು ಎಂದು ಕೊನೆಗೆ ಬೆರಳು ತೋರಿಸುವುದು ತಾಯಿಯ ಕಡೆಗೇ. ತಾಯಿಯ ತಪ್ಪಿನಿಂದ ಆಟಿಸಂ ಬರುವುದಿಲ್ಲ. ಲಸಿಕೆಯಿಂದಲೂ ಬರುವುದಿಲ್ಲ. 1998ರಲ್ಲಿ ಲಸಿಕೆಯ ಮೇಲೆ ಸಂಶಯ ಹುಟ್ಟಿಸಿದ ಬರಹವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು.

ಮನೆಯಲ್ಲಿ ಎರಡು ಭಾಷೆ ಇದ್ದದ್ದರಿಂದ ಮಗು ಗೊಂದಲಗೊಂಡಿದೆ ಎಂಬ ಮಾತೂ ಕೇಳಿಬರುತ್ತದೆ. ಯಾದಗಿರಿ ಕಡೆ ಕನ್ನಡದ ಜೊತೆ ಉರ್ದು, ತೆಲುಗು, ಲಂಬಾಣಿ ಮಾತಾಡುವ ಮನೆಗಳು ಬಹಳ. ನಮ್ಮಲ್ಲಿ ಕೊಂಕಣಿ, ತುಳು ಇಲ್ಲವೇ? ಹಲವು ಭಾಷೆ ಕೇಳಿದರೆ ಆಟಿಸಂ ಬರುವುದಿಲ್ಲ. ತಾಯಿ ತನ್ನ ಹೃದಯದ ಭಾಷೆಯಲ್ಲಿಯೇ ಮಗುವಿನೊಡನೆ ಮಾತಾಡಲಿ.

ಯಾವಾಗ ಎಚ್ಚರಗೊಳ್ಳಬೇಕು?

ಮಗುವಿಗೆ ಒಂಬತ್ತು ತಿಂಗಳು ದಾಟಿದರೂ ಹೆಸರು ಕರೆದಾಗ ತಿರುಗದಿರುವುದು. ವರ್ಷ ತುಂಬಿದರೂ ಟಾಟಾ ಮಾಡದಿರುವುದು, ಕೈಚಾಚಿ ಎತ್ತಿಕೋ ಎನ್ನದಿರುವುದು. ಒಂದೂವರೆ ವರ್ಷವಾದರೂ ಬೆರಳು ತೋರಿಸಿ "ಅದೋ ನೋಡು" ಎನ್ನದಿರುವುದು, ಒಂದು ಪದವೂ ಇಲ್ಲದಿರುವುದು. ಎರಡು ವರ್ಷವಾದರೂ "ಅವ್ವಾ ನೀರು" ಎಂಬಂತೆ ಎರಡು ಪದ ಜೋಡಿಸದಿರುವುದು. ಬೇಕಾದ್ದಕ್ಕೆ ದೊಡ್ಡವರ ಕೈಯನ್ನೇ ಸಲಕರಣೆಯಂತೆ ಹಿಡಿದೆಳೆಯುವುದು. ಆಟಿಕೆ ಗಾಡಿಯನ್ನು ಓಡಿಸದೆ ಅದರ ಚಕ್ರವನ್ನಷ್ಟೇ ತಿರುಗಿಸುತ್ತಾ ಕೂರುವುದು. ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಆಟಿಸಂ ಎಂದಲ್ಲ. ಎರಡು ಮೂರು ಸೇರಿದ್ದರೆ ತೋರಿಸಲೇಬೇಕು. ಇದ್ದ ಮಾತು ನಿಂತುಹೋದರೆ, ಆಡುತ್ತಿದ್ದ ಆಟ ಮರೆತರೆ, ವಯಸ್ಸು ಎಷ್ಟೇ ಇರಲಿ, ಒಂದು ದಿನವೂ ಕಾಯಬಾರದು.

ಕಾಯುವುದೇ ನಮ್ಮ ಜನರ ದೊಡ್ಡ ತೊಂದರೆ. "ಅವರಪ್ಪನೂ ಐದು ವರ್ಷಕ್ಕೇ ಮಾತಾಡಿದ್ದು, ಗಂಡುಹುಡುಗರು ತಡ" ಎನ್ನುತ್ತಾರೆ. ನಾಲಗೆಗೆ ಬಜೆ ತಿಕ್ಕುತ್ತಾರೆ. ತಿಂಥಣಿಗೆ ಹೋಗುತ್ತಾರೆ, ಮೈಲಾಪುರಕ್ಕೆ ಹೋಗುತ್ತಾರೆ, ಗೋಗಿಯ ದರ್ಗಾಕ್ಕೆ ಹೋಗುತ್ತಾರೆ. ನಮ್ಮವರು ನೊವೆನಾ ಇಡುತ್ತಾರೆ. ಹರಕೆ ಹೊರುವುದನ್ನು ಬೇಡವೆನ್ನಲು ನಾವು ಯಾರು? ಆದರೆ ಹರಕೆಯ ದಿನವೇ ಆಸ್ಪತ್ರೆಗೂ ಹೋಗಬಹುದು. ಒಂದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇವೆ. ಮಗುವಿಗೆ ಬರೆ ಹಾಕಿಸಬೇಡಿ. ಸುಟ್ಟ ಗಾಯ ಮಾಗಬಹುದು, ನೋವು ಹೇಳಲು ಬಾರದ ಮಗುವಿನ ಹೆದರಿಕೆ ಮಾಗುವುದಿಲ್ಲ.

ಎಲ್ಲಿಗೆ ಹೋಗಬೇಕು?

ಮೊದಲ ಮೆಟ್ಟಿಲು ಅಂಗನವಾಡಿ. ತಾಯಿ ಕಾರ್ಡಿನಲ್ಲಿ ಯಾವ ತಿಂಗಳಿಗೆ ಮಗು ಏನು ಮಾಡಬೇಕೆಂಬ ಚಿತ್ರಗಳಿವೆ. ಅದನ್ನು ಕಾರ್ಯಕರ್ತೆಯೊಡನೆ ಕೂತು ನೋಡಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೂ ಒಂದು ಸಲ ಸರಕಾರಿ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಅವರ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ತಂಡ ಬರುವ ದಿನ ಇಂಥ ಮಗುವನ್ನು "ಗಲಾಟೆ ಮಾಡುತ್ತದೆ" ಎಂದು ಮನೆಯಲ್ಲಿ ಬಿಟ್ಟು ಬರುವುದೇ ಹೆಚ್ಚು. ಧರ್ಮಕೇಂದ್ರದ ಸಾಮಾಜಿಕ ಕಾರ್ಯಕರ್ತರು ಆ ದಿನ ಯಾವಾಗ ಎಂದು ಮೊದಲೇ ಕೇಳಿಟ್ಟುಕೊಂಡು ಮಗುವನ್ನು ಕರೆದೊಯ್ದರೆ ಅರ್ಧ ಕೆಲಸವಾದಂತೆ.

ಅಲ್ಲಿಂದ ಮುಂದೆ ತಾಲೂಕು ಆಸ್ಪತ್ರೆ, ಯಾದಗಿರಿಯ ಜಿಲ್ಲಾ ಆಸ್ಪತ್ರೆ. ಮೊದಲು ಕಿವಿಯ ಪರೀಕ್ಷೆ ಆಗಲೇಬೇಕು. ಕರೆದರೆ ತಿರುಗದ ಮಗುವಿಗೆ ಕಿವಿಯೇ ಕೇಳಿಸದಿರಬಹುದು. ಅದಕ್ಕೆ ಬೇರೆಯೇ ಉಪಾಯವಿದೆ. ಫಿಟ್ಸ್ ಇದೆಯೇ ಎಂದು ಕೇಳುತ್ತಾರೆ, ಮುಚ್ಚಿಡಬಾರದು. ಆಟಿಸಂ ಇರುವ ಮಕ್ಕಳಲ್ಲಿ ಫಿಟ್ಸ್ ಇತರರಿಗಿಂತ ಹೆಚ್ಚು. ರಕ್ತ ಪರೀಕ್ಷೆಯಿಂದಾಗಲಿ ಸ್ಕ್ಯಾನಿನಿಂದಾಗಲಿ ಆಟಿಸಂ ಗೊತ್ತಾಗುವುದಿಲ್ಲ. ತಜ್ಞರು ಮಗುವನ್ನು ಆಡಿಸಿ, ಗಮನಿಸಿ, ಹೆತ್ತವರನ್ನು ವಿವರವಾಗಿ ಕೇಳಿ ನಿರ್ಧರಿಸುತ್ತಾರೆ. ಆದ್ದರಿಂದ ಹೋಗುವ ಮೊದಲು ಮನೆಯಲ್ಲಿ ಮಗು ಆಡುವ, ಉಣ್ಣುವ, ಹಟ ಮಾಡುವ ಎರಡು ಮೂರು ವಿಡಿಯೋಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಹೊಸ ಜಾಗದಲ್ಲಿ ಮಗು ಕಲ್ಲಿನಂತೆ ಕೂತುಬಿಟ್ಟರೆ ಆ ವಿಡಿಯೋಗಳೇ ಮಾತಾಡುತ್ತವೆ.

ಇನ್ನೂ ಮುಂದೆ ಹೋಗಬೇಕಾದರೆ ಕಲಬುರಗಿ, ರಾಯಚೂರಿನ ವೈದ್ಯಕೀಯ ಕಾಲೇಜುಗಳಿವೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವೆ. ಆದರೆ ಈ ಭಾಗದವರಿಗೆ ಹತ್ತಿರದ ರಾಷ್ಟ್ರೀಯ ಸಂಸ್ಥೆ ಇರುವುದು ಸಿಕಂದರಾಬಾದಿನಲ್ಲಿ. 1984ರಲ್ಲಿ ಆರಂಭವಾಗಿ ಈಗ ನೀಪಿಡ್ ಎಂದು ಕರೆಯಲ್ಪಡುವ, ಬುದ್ಧಿ ಬೆಳವಣಿಗೆಯ ತೊಂದರೆಯುಳ್ಳವರ ಸಂಸ್ಥೆ ಅದು. 1956ರ ತನಕ ಯಾದಗಿರಿ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಈಗಲೂ ಆಸ್ಪತ್ರೆಗೆ, ವ್ಯಾಪಾರಕ್ಕೆ ಹೈದರಾಬಾದಿಗೆ ಹೋಗುವವರು ಬಹಳ. ಬೆಂಗಳೂರಿಗೆ ಮಗುವನ್ನು ಹೊತ್ತು ರಾತ್ರಿಯಿಡೀ ಪ್ರಯಾಣಿಸುವುದಕ್ಕಿಂತ ಇದು ಮೇಲು ಎಂದು ನಮ್ಮ ಅಭಿಪ್ರಾಯ.

ನಮ್ಮ ದೇಶಕ್ಕೆಂದೇ ಅಲ್ಲಿ ತಯಾರಾದ ಅಳತೆಗೋಲೊಂದಿದೆ. ಹೆಸರು ಐಎಸ್‌ಎಎ, ಹೊರಬಂದದ್ದು 2009ರಲ್ಲಿ. ನಲವತ್ತು ಅಂಶಗಳು, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಇದನ್ನೇ ಬಳಸುತ್ತಾರೆ. ಅಂಕ ನೋಡಿ ಎದೆ ಒಡೆದುಕೊಳ್ಳಬಾರದು. ಅದು ಆ ದಿನದ ಅಳತೆ, ಮಗುವಿನ ಹಣೆಬರಹವಲ್ಲ.

ನಡವಳಿಕೆಯ ಚಿಕಿತ್ಸೆ

ಆಟಿಸಂ ಗುಣಪಡಿಸುವ ಮಾತ್ರೆ ಇಲ್ಲ. ತೀರಾ ಸಿಟ್ಟು, ತನ್ನನ್ನೇ ಹೊಡೆದುಕೊಳ್ಳುವುದು, ಫಿಟ್ಸ್, ನಿದ್ದೆಯಿಲ್ಲದಿರುವುದು ಇಂಥವಕ್ಕೆ ವೈದ್ಯರು ಔಷಧ ಕೊಡಬಹುದು. ಉಳಿದದ್ದೆಲ್ಲ ಕಲಿಸುವ ಕೆಲಸ. ಸ್ಟೆಮ್ ಸೆಲ್ ಹಾಕಿ ಸರಿಮಾಡುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಅದನ್ನು ಆಟಿಸಂಗೆ ಚಿಕಿತ್ಸೆಯಾಗಿ ಬಳಸಬಾರದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿಯೇ ಹೇಳಿದೆ. ಹೊಲ ಮಾರಿ ಅದರ ಹಿಂದೆ ಹೋಗಬೇಡಿ.

ನಡವಳಿಕೆಯ ಚಿಕಿತ್ಸೆಗೆ ಹೆಸರು ತಂದವರು ಅಮೆರಿಕದ ಈವಾರ್ ಲೋವಾಸ್. 1987ರಲ್ಲಿ ಅವರು 19 ಮಕ್ಕಳಿಗೆ ವಾರಕ್ಕೆ 40 ಗಂಟೆ ಕಲಿಸಿ 9 ಮಕ್ಕಳು ಸಾಮಾನ್ಯ ಶಾಲೆಯ ಮಟ್ಟಕ್ಕೆ ಬಂದರು ಎಂದು ಬರೆದರು. ಆ ಫಲಿತಾಂಶದ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಆ ಕಾಲದಲ್ಲಿ ಗದರುವುದು, ಏಟು ಕೊಡುವುದು ಕೂಡ ಚಿಕಿತ್ಸೆಯ ಭಾಗವಾಗಿತ್ತು. ಅದನ್ನು ಅನುಭವಿಸಿ ದೊಡ್ಡವರಾದವರೇ ಇಂದು ಅದರ ವಿರುದ್ಧ ಮಾತಾಡುತ್ತಿದ್ದಾರೆ, ಅವರ ಮಾತಿಗೆ ಬೆಲೆಯಿದೆ. ಈಗಿನ ಒಳ್ಳೆಯ ಪದ್ಧತಿಗಳು ಮಗುವಿನ ಆಟದೊಳಗೇ, ಅದರ ಇಷ್ಟವನ್ನು ಹಿಡಿದುಕೊಂಡೇ ಕಲಿಸುತ್ತವೆ. ಮಗುವಿನ ಗಲ್ಲ ಹಿಡಿದು "ನನ್ನ ಕಣ್ಣು ನೋಡು" ಎಂದು ಒತ್ತಾಯಿಸುವ ಚಿಕಿತ್ಸಕರು, ಬಾಗಿಲು ಮುಚ್ಚಿ ಹೆತ್ತವರನ್ನು ಹೊರಗೆ ಕೂರಿಸುವವರು, "ಆರು ತಿಂಗಳಲ್ಲಿ ಗ್ಯಾರಂಟಿ" ಎನ್ನುವವರು ಸಿಕ್ಕರೆ ಎದ್ದು ಬನ್ನಿ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ವಾರಕ್ಕೆ 40 ಗಂಟೆ ಎಂದರೆ ಹೊಲದ ಕೂಲಿ ಮಾಡುವ ತಾಯಿ ಏನು ಮಾಡಬೇಕು? ಇದಕ್ಕೆ ನಮ್ಮ ಕರಾವಳಿಯ ಗೋವಾದಿಂದಲೇ ಒಂದು ಉತ್ತರ ಬಂದಿದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದ ಪಾಸ್ ಎಂಬ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಆರು ತಿಂಗಳಲ್ಲಿ 12 ಭೇಟಿ ಮಾಡಿ ಹೆತ್ತವರಿಗೆ ಕಲಿಸಿದರು. ತಾಯಿ ಮಗು ಆಡುವುದನ್ನು ವಿಡಿಯೋ ತೆಗೆದು, ಅದನ್ನೇ ತಾಯಿಯೊಡನೆ ಕೂತು ನೋಡುವುದು ಮುಖ್ಯ ವಿಧಾನ. ಎಲ್ಲ ಅಳತೆಗಳಲ್ಲೂ ಸುಧಾರಣೆ ಕಾಣಲಿಲ್ಲ. ಆದರೆ ಹೆತ್ತವರು ಮಗುವಿನ ತಾಳಕ್ಕೆ ಹೊಂದಿಕೊಂಡು ಸ್ಪಂದಿಸಲು ಕಲಿತರು, ಮಕ್ಕಳು ತಾವಾಗಿ ಸಂಪರ್ಕಕ್ಕೆ ಬರುವುದು ಹೆಚ್ಚಾಯಿತು. ಶಹಾಪುರದ ಧರ್ಮಭಗಿನಿಯೊಬ್ಬರು, ಆಶಾ ಕಾರ್ಯಕರ್ತೆಯೊಬ್ಬರು ಕಲಿಯಬಹುದಾದ ಕೆಲಸ ಇದು.

ಮನೆಯಲ್ಲಿ ಹೇಗೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಾಲ್ಕು ವರ್ಷದ ಹುಡುಗ, ಮಾತಿಲ್ಲ. ದಿನಾ ಬೆಳಿಗ್ಗೆ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಾನೆ. ತಾಯಿ ಓಡಿಬಂದು ಎತ್ತಿಕೊಳ್ಳುತ್ತಾಳೆ, ಅಜ್ಜಿ ಮೊಬೈಲು ಕೊಡುತ್ತಾಳೆ, ತಂದೆ ಎರಡು ಬಿಗಿಯುತ್ತಾನೆ. ಹಟಮಾರಿ ಎಂದು ಎಲ್ಲರ ತೀರ್ಮಾನ.

ನಡವಳಿಕೆಯ ಚಿಕಿತ್ಸೆ ಮೊದಲು ಕೇಳುವುದು ಒಂದು ನೋಟುಬುಕ್ಕನ್ನು. ಅದರಲ್ಲಿ ಮೂರು ಕಂಬಗಳು: ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವು ಏನು ಮಾಡಿದೆವು. ತಾಯಿಗೆ ಬರೆಯಲು ಬಾರದಿದ್ದರೆ ಐದನೇ ತರಗತಿಯ ಅಕ್ಕ ಬರೆಯಲಿ. ಎರಡು ವಾರ ಬರೆದು ನೋಡಿದರೆ, ಹುಡುಗ ತಲೆ ಚಚ್ಚಿಕೊಳ್ಳುವುದು ಅವ್ವ ಜೋಳದ ರೊಟ್ಟಿ ತಟ್ಟಲು ಕೂತಾಗಲೇ ಎಂದು ತಿಳಿಯಬಹುದು. ನಮಗೆ ಇಂಪಾದ ಆ ಪಟ್ ಪಟ್ ಸದ್ದು ಅವನ ಕಿವಿಗೆ ಸುತ್ತಿಗೆಯ ಪೆಟ್ಟು. ಹಾಗಿದ್ದರೆ ಹೊಡೆಯುವುದಕ್ಕೆ ಅರ್ಥವಿಲ್ಲ. ರೊಟ್ಟಿಯ ಹೊತ್ತಿಗೆ ಅವನನ್ನು ಅಜ್ಜ ಹೊರಗೆ ಕರೆದುಕೊಂಡು ಹೋಗಲಿ, ಅಥವಾ ಕಿವಿಗೆ ದಪ್ಪ ಬಟ್ಟೆ ಕಟ್ಟಲಿ. ತಲೆಗೆ ಪೆಟ್ಟಾಗದಂತೆ ಅಲ್ಲಿ ಕೌದಿ ಹಾಸಿರಲಿ.

ಇನ್ನೊಂದು ಮನೆಯಲ್ಲಿ ಅದೇ ತಲೆ ಚಚ್ಚುವಿಕೆಗೆ ಕಾರಣ ಬೇರೆ ಇರಬಹುದು. ಚಚ್ಚಿಕೊಂಡರೆ ಮೊಬೈಲು ಸಿಗುತ್ತದೆ ಎಂದು ಅವನು ಕಲಿತಿರಬಹುದು. ಅಥವಾ ಹಲ್ಲುನೋವು, ಕಿವಿನೋವು, ಮಲಬದ್ಧತೆ ಇದ್ದು ಹೇಳಲು ಬಾಯಿಲ್ಲದಿರಬಹುದು. ಹೊಸದಾಗಿ ಶುರುವಾದ ಸಿಟ್ಟಿಗೆ ಮೊದಲು ಇದನ್ನೇ ನೋಡಬೇಕು. ಮೊಬೈಲಿಗಾಗಿ ಎಂದಾದರೆ, ಚಚ್ಚಿಕೊಂಡಾಗ ಕೊಡದೆ, ಕೈ ಚಾಚಿ ಅಥವಾ ಚಿತ್ರ ತೋರಿಸಿ ಕೇಳಿದ ಕೂಡಲೇ ಕೊಡಬೇಕು. ಮೊದಲ ಕೆಲವು ದಿನ ಹಟ ಇಳಿಯುವ ಬದಲು ಏರುತ್ತದೆ. ಇಲ್ಲಿಯೇ ಹೆಚ್ಚಿನವರು ಸೋಲುವುದು. ಮೂರನೇ ದಿನ ಅಜ್ಜಿ ತಡೆಯಲಾರದೆ ಕೊಟ್ಟುಬಿಟ್ಟರೆ, ಇನ್ನೂ ಜೋರಾಗಿ ಚಚ್ಚಬೇಕು ಎಂದು ಅವನು ಕಲಿಯುತ್ತಾನೆ. ಆದ್ದರಿಂದ ಮನೆಯವರೆಲ್ಲ ಕೂತು ಒಪ್ಪಿಕೊಳ್ಳದೆ ಇದನ್ನು ಆರಂಭಿಸಬಾರದು, ಮತ್ತು ತನಗೇ ಗಾಯ ಮಾಡಿಕೊಳ್ಳುವ ಮಗುವಾದರೆ ತಜ್ಞರ ಸಲಹೆಯಿಲ್ಲದೆ ಆರಂಭಿಸಲೇಬಾರದು.

ಕಲಿಸುವುದೂ ಹೀಗೆಯೇ, ಚಿಕ್ಕ ಚಿಕ್ಕ ತುಂಡುಗಳಲ್ಲಿ. ಕೈ ತೊಳೆಯುವುದು ನಮಗೆ ಒಂದು ಕೆಲಸ. ಮಗುವಿಗೆ ಅದು ಆರು ಕೆಲಸ: ಬಚ್ಚಲಿಗೆ ಬರುವುದು, ತಂಬಿಗೆ ಹಿಡಿಯುವುದು, ನೀರು ಸುರಿಯುವುದು, ಸಾಬೂನು ತಿಕ್ಕುವುದು, ತೊಳೆಯುವುದು, ಒರೆಸುವುದು. ಐದನ್ನು ನೀವು ಕೈಹಿಡಿದು ಮಾಡಿಸಿ, ಕೊನೆಯ ಒರೆಸುವುದನ್ನು ಮಾತ್ರ ಅದಕ್ಕೆ ಬಿಡಿ. ಮಾಡಿದ ಕೂಡಲೇ ಇಷ್ಟದ್ದನ್ನು ಕೊಡಿ: ಒಂದು ಚೂರು ಬೆಲ್ಲ, ಒಂದು ಸಲ ಮೇಲಕ್ಕೆ ಎತ್ತಿ ತೂಗುವುದು. ಸಂಜೆ ಕೊಟ್ಟರೆ ಅದಕ್ಕೆ ಸಂಬಂಧ ತಿಳಿಯುವುದಿಲ್ಲ. ಒರೆಸುವುದು ಬಂದ ಮೇಲೆ ಕೊನೆಯ ಎರಡು. ಬೇಕಾದ ವಸ್ತುವನ್ನು ಕೈಗೆಟಕದ ಆದರೆ ಕಣ್ಣಿಗೆ ಕಾಣುವ ಗೂಡಿನಲ್ಲಿಟ್ಟು, ಮಗು ಕೇಳಲೇಬೇಕಾದ ಸಂದರ್ಭ ಮಾಡಿ. ನೀವು ಚಿಕ್ಕ ವಾಕ್ಯಗಳಲ್ಲಿ ಮಾತಾಡಿ, ಆಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾ ಕಾಯಿರಿ. ಚಿತ್ರ, ಸನ್ನೆ ಬಳಸಿದರೆ ಮಾತು ಬರುವುದಿಲ್ಲವೆಂಬ ಭಯ ಬೇಡ, ಅವು ಮಾತಿಗೆ ಅಡ್ಡಿಯಲ್ಲ.

ಆ ಜಿಲ್ಲೆಗೇ ವಿಶೇಷವಾದ ಕಷ್ಟ ಗುಳೆ. ಹತ್ತಿ, ತೊಗರಿಯ ಕೆಲಸ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈಗೆ ಸಂಸಾರ ಸಮೇತ ಹೋಗುತ್ತಾರೆ. ಬದಲಾವಣೆಯನ್ನೇ ಸಹಿಸದ ಮಗುವಿಗೆ ಕಟ್ಟಡ ಕೆಲಸದ ಶೆಡ್ಡು ಎಂಥ ಶಿಕ್ಷೆ ಎಂದು ಯೋಚಿಸಿ. ಕಲಿತದ್ದೆಲ್ಲ ಹೋಯಿತು ಎಂದು ತಿರುಗಿ ಬಂದು ಅಳುತ್ತಾರೆ. ಆದರೆ ಪೂರ್ತಿ ಹೋಗಿರುವುದಿಲ್ಲ. ಹೋಗುವಾಗ ಅದೇ ತಟ್ಟೆ, ಅದೇ ಕೌದಿ, ಅದೇ ಚಿತ್ರಗಳು, ಮತ್ತು ಆ ನೋಟುಬುಕ್ಕು ಜೊತೆಗೆ ಹೋಗಲಿ. ಆಸ್ಪತ್ರೆಯ ಕಾಗದಗಳ ಫೋಟೊ ಮೊಬೈಲಿನಲ್ಲಿರಲಿ.

ಸರಕಾರದಿಂದ ಸಿಗುವುದು

1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರಿರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಸೇರಿಸಿತು, 2016ರ ಕಾಯ್ದೆಯ 21 ವಿಧಗಳಲ್ಲಿ ಅದೂ ಒಂದು. ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಸರಕಾರಿ ಶಾಲೆ ಸೇರಿಸಿಕೊಳ್ಳುವುದಿಲ್ಲ ಎನ್ನುವಂತಿಲ್ಲ. ಯುಡಿಐಡಿ ಕಾರ್ಡು ಮಾಡಿಸಿ, ಮಾಸಾಶನಕ್ಕೂ ಬಸ್ ಪಾಸಿಗೂ ಅದೇ ಆಧಾರ. ಚಿಕ್ಕ ಮಕ್ಕಳಿಗೆ ಕೊಡುವ ಪ್ರಮಾಣಪತ್ರ ತಾತ್ಕಾಲಿಕ, ಅವಧಿ ನೋಡಿಕೊಂಡು ನವೀಕರಿಸಬೇಕು. ನಿರಾಮಯ ಎಂಬ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿದ್ದು, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ. ಅರ್ಜಿ ತುಂಬಲು ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಶಾಲೆಯ ವಿಷಯಕ್ಕೆ ಬ್ಲಾಕ್ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. ತಾಯಿಯ ಮನಸ್ಸೇ ಕುಸಿದಾಗ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿ ಮಾತಾಡಬಹುದು, ಶುಲ್ಕವಿಲ್ಲ.

ಧರ್ಮಕೇಂದ್ರದಲ್ಲಿ

ಸೆಮಿನರಿಯಲ್ಲಿ ನಮಗೆ ಇದನ್ನು ಯಾರೂ ಕಲಿಸಲಿಲ್ಲ. ಕೆಲವು ವರ್ಷಗಳ ಹಿಂದೆ ಬಲಿಪೂಜೆಯ ನಡುವೆ ಒಬ್ಬ ಹುಡುಗ ಪೀಠದ ತನಕ ಓಡಿಬಂದು ಕಿರುಚಿದ. ನಾವು ಮೈಕಿನಲ್ಲೇ, ಮಗುವನ್ನು ಹೊರಗೆ ಕರೆದುಕೊಂಡು ಹೋಗಿ ಎಂದೆವು. ಸಭ್ಯವಾಗಿಯೇ ಹೇಳಿದ್ದೆವು. ಆ ತಾಯಿ ಮತ್ತೆ ಎಂಟು ತಿಂಗಳು ದೇವಾಲಯಕ್ಕೆ ಬರಲಿಲ್ಲ. ಹುಡುಗನಿಗೆ ಆಟಿಸಂ ಎಂದು ನಮಗೆ ಆಮೇಲೆ ತಿಳಿಯಿತು. ಮನೆಗೆ ಹೋಗಿ ಕ್ಷಮೆ ಕೇಳಿದಾಗ ಆಕೆ ಹೇಳಿದ್ದು ಇಷ್ಟೆ: "ಎಲ್ಲ ಕಡೆಯಿಂದಲೂ ಹೊರಗೆ ಹೋಗಿ ಎಂದಿದ್ದರು ಫಾದರ್, ಇಲ್ಲಿ ಹೇಳುವುದಿಲ್ಲ ಅಂದುಕೊಂಡಿದ್ದೆ."

ಧ್ವನಿವರ್ಧಕದ ಅಬ್ಬರ ಸ್ವಲ್ಪ ಇಳಿಸುವುದು, ಬಾಗಿಲ ಬಳಿಯ ಬೆಂಚನ್ನು ಇಂಥ ಕುಟುಂಬಕ್ಕೆ ಬಿಡುವುದು, ಹಬ್ಬದ ದಿನದ ಬದಲು ವಾರದ ನಡುವೆ ಶಾಂತವಾಗಿ ಪರಮಪ್ರಸಾದ ಕೊಡುವುದು, ಇವಕ್ಕೆ ಯಾರ ಅನುಮತಿಯೂ ಬೇಡ. ಅಂಗವಿಕಲರಿಗೆ ಅವರ ಸ್ಥಿತಿಗೆ ತಕ್ಕಂತೆ ಧರ್ಮಬೋಧನೆ ಕೊಡುವುದು ಧರ್ಮಕೇಂದ್ರದ ಗುರುವಿನ ಕರ್ತವ್ಯವೆಂದು ಧರ್ಮಸಭೆಯ ಕಾನೂನಿನ 777ನೇ ವಿಧಿಯೇ ಹೇಳುತ್ತದೆ. ವಾರ್ಡಿನ ಗುರಿಕಾರರು ವಾರಕ್ಕೊಮ್ಮೆ ಎರಡು ಗಂಟೆ ಮಗುವನ್ನು ನೋಡಿಕೊಳ್ಳಲು ಒಬ್ಬರನ್ನು ಏರ್ಪಡಿಸಿದರೆ ತಾಯಿಗೆ ಒಂದಿಷ್ಟು ನಿದ್ದೆಯಾದರೂ ಸಿಗುತ್ತದೆ. ಬರುವವರು ಮೊದಲ ಎರಡು ಮೂರು ಸಲ ತಾಯಿ ಇರುವಾಗಲೇ ಬಂದು, ಮಗುವಿನ ಹತ್ತಿರ ಸುಮ್ಮನೆ ನೆಲದ ಮೇಲೆ ಕೂತು ಹೋಗಬೇಕು. ಮೈಮುಟ್ಟಿ ಮುದ್ದಿಸುವುದು, ಪ್ರಶ್ನೆ ಕೇಳುವುದು ಬೇಡ.